ಜೈವಿಕ ಅಸ್ತ್ರಗಳು: ಪುಣೆ, ಮುಂಬಯಿ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ, ಲಸಿಕೆ ಕಾರ್ಖಾನೆಗಳು ಮತ್ತು ಸೇನೆಯ ಕಾಲೇಜುಗಳಿವೆ. ಮುಂಬಯಿಯ ಪರೇಲಿನಲ್ಲಿ ಹಾಫ್‌ಕಿನ್ ಸಂಸ್ಥೆಯಿದೆ. ಹೀಗಾಗಿ ಇಲ್ಲಿ ನೆಲೆಸಿದ ಕನ್ನಡಿಗರ ನಡುವೆ ಸೋಂಕು, ಲಸಿಕೆ, ಯುದ್ಧಗಳ ಮಾತು ಬಂದಾಗಲೆಲ್ಲ ಜೈವಿಕ ಅಸ್ತ್ರದ ಪ್ರಶ್ನೆಯೂ ಬರುತ್ತದೆ. ಸಭೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಲಾಗಿದೆ. ಇಂಥ ಅಸ್ತ್ರವನ್ನು ಹೇಗೆ ಮಾಡುತ್ತಾರೆ ಎಂಬ ಪ್ರಶ್ನೆಗಳನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಜೈವಿಕ ಅಸ್ತ್ರ ಎಂದರೆ ನಿಜವಾಗಿ ಏನು? ರೋಗಾಣು ಕೈಯಲ್ಲಿದ್ದರೆ ಅಷ್ಟಕ್ಕೇ ಅಸ್ತ್ರವಾಗಿಬಿಡುತ್ತದೆಯೇ?

ಇಲ್ಲ. ಮನುಷ್ಯರಿಗೆ, ಜಾನುವಾರುಗಳಿಗೆ ಅಥವಾ ಬೆಳೆಗಳಿಗೆ ಹಾನಿ ಮಾಡುವ ಉದ್ದೇಶದಿಂದ ರೋಗಾಣುವನ್ನೋ ಜೀವಿಗಳಿಂದ ಹುಟ್ಟುವ ವಿಷವನ್ನೋ ಬೆಳೆಸಿ, ಹರಡಲು ಸಿದ್ಧಪಡಿಸಿದಾಗ ಅದು ಅಸ್ತ್ರವಾಗುತ್ತದೆ. ಅದೇ ರೋಗಾಣು ಲಸಿಕೆ ತಯಾರಿಸುವವರ ಶೀತಲ ಪೆಟ್ಟಿಗೆಯಲ್ಲಿದ್ದರೆ ಅದು ಕಚ್ಚಾ ವಸ್ತು. 1972ರ ಜೈವಿಕ ಅಸ್ತ್ರಗಳ ಒಪ್ಪಂದವನ್ನು ಬರೆದವರು ಇದನ್ನು ಚೆನ್ನಾಗಿ ಅರಿತಿದ್ದರು. ಆದ್ದರಿಂದಲೇ ಅದರ ಮೊದಲನೇ ವಿಧಿಯಲ್ಲಿ ರೋಗಾಣುಗಳ ಹೆಸರುಪಟ್ಟಿ ಇಲ್ಲ. ರೋಗ ತಡೆಯುವ, ರಕ್ಷಿಸಿಕೊಳ್ಳುವ ಅಥವಾ ಇತರ ಶಾಂತಿಯುತ ಉದ್ದೇಶದ ಸಮರ್ಥನೆ ಇಲ್ಲದಂಥ ಬಗೆಯ ಮತ್ತು ಪ್ರಮಾಣದ ಯಾವುದೇ ಜೈವಿಕ ವಸ್ತುವನ್ನು ಅಭಿವೃದ್ಧಿಪಡಿಸುವುದು, ತಯಾರಿಸುವುದು, ಕೂಡಿಡುವುದು ನಿಷಿದ್ಧ ಎಂದು ಅದು ಹೇಳುತ್ತದೆ. ಅಂದು ಯಾರೂ ಕಂಡಿರದ ರೋಗಾಣುವಿಗೂ ಈ ಮಾತು ಅನ್ವಯಿಸುವುದರಿಂದ ಅರ್ಧ ಶತಮಾನ ಕಳೆದರೂ ಅದನ್ನು ತಿದ್ದುವ ಅಗತ್ಯ ಬಿದ್ದಿಲ್ಲ. ಆದರೆ ಉದ್ದೇಶವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಮುಂದಿನ ಹೆಚ್ಚಿನ ತೊಡಕುಗಳು ಹುಟ್ಟುವುದು ಇಲ್ಲಿಂದಲೇ.

ಹರಳು ಬೀಜದಿಂದ ತೆಗೆಯುವ ರಿಸಿನ್ ವಿಷ ರಾಸಾಯನಿಕವೋ, ಜೈವಿಕವೋ?

ಎರಡೂ ಹೌದು. ಜೀವಿಯಿಂದ ಹುಟ್ಟಿದ ವಿಷವಾದ್ದರಿಂದ ಅದು 1972ರ ಒಪ್ಪಂದದ ವ್ಯಾಪ್ತಿಗೆ ಬರುತ್ತದೆ. 1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದದ ಮೊದಲನೇ ಅನುಸೂಚಿಯಲ್ಲೂ ಅದರ ಹೆಸರಿದೆ. 1978ರಲ್ಲಿ ಲಂಡನ್ನಿನಲ್ಲಿ ಬಲ್ಗೇರಿಯಾದ ಭಿನ್ನಮತೀಯ ಲೇಖಕ ಗಿಯೋರ್ಗಿ ಮಾರ್ಕೋವ್ ಅವರ ಕಾಲಿಗೆ ಚುಚ್ಚಿದ್ದ ಸಣ್ಣ ಲೋಹದ ಗುಂಡಿನಲ್ಲಿ ಇದ್ದದ್ದು ಈ ವಿಷವೇ ಎಂದು ತನಿಖೆ ನಡೆಸಿದವರು ತೀರ್ಮಾನಿಸಿದರು. ಹರಳೆಣ್ಣೆ ಬಳಸುವವರು ಹೆದರಬೇಕಾಗಿಲ್ಲ, ಎಣ್ಣೆಯಲ್ಲಿ ಈ ವಿಷ ಉಳಿಯುವುದಿಲ್ಲ.

ಆಂಥ್ರಾಕ್ಸ್ ಎಂದರೆ ನಮ್ಮ ಕಡೆ ದನಕ್ಕೆ ಬರುವ ನೆರಡಿ ರೋಗವಲ್ಲವೇ? ಅದಕ್ಕೆ ಸೇನೆಗಳು ಏಕೆ ಇಷ್ಟು ಮಹತ್ವ ಕೊಡುತ್ತವೆ?

ಅದೇ ರೋಗ. ಅದರ ಬ್ಯಾಕ್ಟೀರಿಯ ಪ್ರತಿಕೂಲ ಸ್ಥಿತಿಯಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಬಿಸಿಲು, ಒಣಹವೆಗಳನ್ನು ತಾಳಿಕೊಳ್ಳುತ್ತದೆ. ಉಸಿರಿನ ಮೂಲಕ ಒಳಹೊಕ್ಕಾಗ ಚಿಕಿತ್ಸೆ ತಡವಾದರೆ ಬಹುಪಾಲು ಮಾರಕ. ಆದರೆ ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲವೆನ್ನಬಹುದು. ದಾಳಿ ಮಾಡುವವನ ಕಡೆಗೆ ಸೋಂಕು ತಿರುಗಿ ಬರುವುದಿಲ್ಲ ಎಂಬ ಈ ಕ್ರೂರ ಲೆಕ್ಕಾಚಾರವೇ ಅದನ್ನು ಎಲ್ಲ ದೊಡ್ಡ ಕಾರ್ಯಕ್ರಮಗಳ ಮೊದಲ ಆಯ್ಕೆಯಾಗಿಸಿತು. 1942ರಲ್ಲಿ ಬ್ರಿಟಿಷರು ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ ಕುರಿಗಳ ಮೇಲೆ ಇದನ್ನು ಪರೀಕ್ಷಿಸಿದರು. 1986ರಲ್ಲಿ ಸಮುದ್ರದ ನೀರಿಗೆ ಫಾರ್ಮಾಲ್ಡಿಹೈಡ್ ಬೆರೆಸಿ ದ್ವೀಪದ ಸೋಂಕಿತ ಮಣ್ಣನ್ನು ತೊಯ್ಯಿಸಿ ಶುದ್ಧೀಕರಿಸಬೇಕಾಯಿತು, ಮತ್ತು ಅದು ಸುರಕ್ಷಿತವೆಂಬ ಘೋಷಣೆ ಹೊರಬಿದ್ದದ್ದು 1990ರಲ್ಲಿ.

## ಚರಿತ್ರೆ

ಕೋಟೆಯೊಳಗೆ ಪ್ಲೇಗಿನ ಹೆಣ ಎಸೆದರು, ಸಿಡುಬಿನ ಕಂಬಳಿ ಹಂಚಿದರು ಎಂಬ ಕಥೆಗಳು ನಿಜವೇ?

ಕಂಬಳಿಯ ಕಥೆಗೆ ದಾಖಲೆಯಿದೆ, ಹೆಣದ ಕಥೆ ಅಷ್ಟು ಗಟ್ಟಿಯಲ್ಲ. 1346ರಲ್ಲಿ ಕಪ್ಪು ಸಮುದ್ರದ ತೀರದ ಕಾಫಾ ನಗರಕ್ಕೆ ಮುತ್ತಿಗೆ ಹಾಕಿದ್ದ ಮಂಗೋಲ್ ಸೇನೆ ಹೆಣಗಳನ್ನು ಕವಣೆಯಂತ್ರದಿಂದ ಒಳಕ್ಕೆ ಎಸೆಯಿತು ಎಂಬುದಕ್ಕೆ ಇಟಲಿಯ ಗೇಬ್ರಿಯೆಲೆ ದೆ ಮುಸ್ಸಿ ಎಂಬಾತನ ಬರಹವೇ ಮುಖ್ಯ ಆಧಾರ. ಆತ ಅಲ್ಲಿ ಇರಲಿಲ್ಲವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಯುರೋಪಿಗೆ ಪ್ಲೇಗ್ ಬರಲು ಆ ಹೆಣಗಳು ಬೇಕಾಗಿರಲೂ ಇಲ್ಲ. ವ್ಯಾಪಾರದ ಹಡಗುಗಳೂ ಇಲಿಗಳೂ ಸಾಕಾಗಿದ್ದವು. 1763ರಲ್ಲಿ ಅಮೆರಿಕದ ಫೋರ್ಟ್ ಪಿಟ್‌ನಲ್ಲಿ ಸಂಧಾನಕ್ಕೆ ಬಂದ ಮೂಲನಿವಾಸಿಗಳಿಗೆ ಸಿಡುಬಿನ ಆಸ್ಪತ್ರೆಯಿಂದ ತಂದ ಎರಡು ಕಂಬಳಿ ಮತ್ತು ಒಂದು ಕರವಸ್ತ್ರವನ್ನು ಕೊಟ್ಟ ಸಂಗತಿ ಮಾತ್ರ ಅಲ್ಲಿದ್ದ ವ್ಯಾಪಾರಿ ವಿಲಿಯಂ ಟ್ರೆಂಟ್‌ನ ದಿನಚರಿಯಲ್ಲೇ ಇದೆ. ಆ ಪ್ರದೇಶದಲ್ಲಿ ಸಿಡುಬು ಮೊದಲೇ ಹಬ್ಬಿದ್ದುದರಿಂದ ಕಂಬಳಿಗಳಿಂದಲೇ ಎಷ್ಟು ಜನ ಸತ್ತರೆಂದು ಹೇಳಲಾಗದು. ಕೊಟ್ಟವರ ಉದ್ದೇಶದಲ್ಲಂತೂ ಸಂಶಯವಿಲ್ಲ. ರೋಗಾಣುಗಳ ವಿಜ್ಞಾನ ಬೆಳೆದ ಮೇಲಿನ ಮೊದಲ ಬಳಕೆ ಮೊದಲನೇ ಮಹಾಯುದ್ಧದಲ್ಲಿ ನಡೆಯಿತು. ಜರ್ಮನಿಯ ಗೂಢಚಾರರು ಮಿತ್ರರಾಷ್ಟ್ರಗಳಿಗೆ ಹೋಗಲಿದ್ದ ಕುದುರೆ, ಹೇಸರಗತ್ತೆಗಳಿಗೆ ಆಂಥ್ರಾಕ್ಸ್ ಮತ್ತು ಗ್ಲ್ಯಾಂಡರ್ಸ್ ರೋಗ ತಗುಲಿಸಲು ಯತ್ನಿಸಿದರು.

ಜಪಾನಿನ 731ನೇ ಘಟಕದವರಿಗೆ ಶಿಕ್ಷೆಯಾಯಿತೇ?

ಕೆಲವರಿಗೆ ಮಾತ್ರ, ಅದೂ ಮುಖ್ಯಸ್ಥರಿಗಲ್ಲ. ಚೀನಾದ ಹಾರ್ಬಿನ್ ನಗರದ ಬಳಿಯ ಪಿಂಗ್‌ಫಾಂಗ್‌ನಲ್ಲಿ ಸೇನಾ ವೈದ್ಯ ಶಿರೋ ಇಶಿಯಿ ನಡೆಸಿದ ಈ ಘಟಕದಲ್ಲಿ ಬಂದಿಗಳಿಗೆ ಪ್ಲೇಗ್, ಆಂಥ್ರಾಕ್ಸ್, ಕಾಲರಾ ತಗುಲಿಸಿ, ಜೀವಂತವಾಗಿರುವಾಗಲೇ ಕೊಯ್ದು ನೋಡಲಾಯಿತು. ಪ್ರಯೋಗಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. 1940ರಲ್ಲಿ ನಿಂಗ್ಬೋ ಮತ್ತು 1941ರಲ್ಲಿ ಚಾಂಗ್‌ದೆ ನಗರಗಳ ಮೇಲೆ ವಿಮಾನದಿಂದ ಪ್ಲೇಗ್ ತಗುಲಿದ ಚಿಗಟಗಳನ್ನು ಸುರಿದರು. ಎರಡನೇ ಮಹಾಯುದ್ಧ ಮುಗಿದಾಗ, ಪ್ರಯೋಗಗಳ ಮಾಹಿತಿ ತನಗೇ ಸಿಗಬೇಕೆಂದು ಅಮೆರಿಕವು ಇಶಿಯಿ ಮತ್ತು ಅವನ ಸಹಚರರನ್ನು ವಿಚಾರಣೆಯಿಂದ ಕಾಪಾಡಿತು. ಇಶಿಯಿ 1959ರವರೆಗೆ ತನ್ನ ಮನೆಯಲ್ಲೇ ಬಾಳಿ ಸತ್ತ. ಸೋವಿಯತ್ ಒಕ್ಕೂಟವು 1949ರ ಡಿಸೆಂಬರಿನಲ್ಲಿ ಖಬರೋವ್‌ಸ್ಕ್‌ನಲ್ಲಿ 12 ಮಂದಿಯ ವಿಚಾರಣೆ ನಡೆಸಿ ಶಿಕ್ಷೆ ವಿಧಿಸಿತು. ಪಶ್ಚಿಮದ ದೇಶಗಳು ಅದನ್ನು ಬರೀ ಪ್ರಚಾರವೆಂದು ತಳ್ಳಿಹಾಕಿದವು. 2002ರಲ್ಲಿ ಟೋಕಿಯೋದ ಜಿಲ್ಲಾ ನ್ಯಾಯಾಲಯ ಈ ಜೈವಿಕ ಯುದ್ಧ ನಡೆದದ್ದು ನಿಜವೆಂದು ಒಪ್ಪಿತು, ಆದರೆ ಚೀನಾದ ಸಂತ್ರಸ್ತರಿಗೆ ಪರಿಹಾರ ನೀಡಲು ನಿರಾಕರಿಸಿತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಹೇಸಿಗೆಯ ವ್ಯವಹಾರ ಈ ಕ್ಷಮಾದಾನವೇ.

ಅಮೆರಿಕ ತಾನೇ ಮಾಡಿಕೊಂಡ ಅಸ್ತ್ರಗಳನ್ನು ಏಕೆ ಬಿಟ್ಟಿತು?

1943ರಲ್ಲಿ ಮೇರಿಲ್ಯಾಂಡಿನ ಕ್ಯಾಂಪ್ ಡೆಟ್ರಿಕ್‌ನಲ್ಲಿ ಆರಂಭವಾದ ಕಾರ್ಯಕ್ರಮವನ್ನು ಅಧ್ಯಕ್ಷ ನಿಕ್ಸನ್ 1969ರ ನವೆಂಬರ್ 25ರಂದು ನಿಲ್ಲಿಸಿದರು. ನೈತಿಕತೆಯ ಮಾತು ಆ ಘೋಷಣೆಯಲ್ಲಿತ್ತು, ಲೆಕ್ಕಾಚಾರವೂ ಇತ್ತು: ಅಣ್ವಸ್ತ್ರ ಕೈಯಲ್ಲಿರುವ ದೇಶಕ್ಕೆ, ಗಾಳಿ ಹವಾಮಾನಗಳನ್ನು ನಂಬಿ ಕೂರಬೇಕಾದ ಈ ಅಸ್ತ್ರದಿಂದ ಹೆಚ್ಚಿನ ಬಲ ಬರುವುದಿಲ್ಲ; ಬದಲಿಗೆ ಬಡ ದೇಶಗಳಿಗೂ ಎಟಕುವ ಮಾರಕ ಶಕ್ತಿಯ ದಾರಿಯನ್ನು ತಾನೇ ತೋರಿಸಿದಂತಾಗುತ್ತದೆ.

ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಸೋವಿಯತ್ ಒಕ್ಕೂಟ ಮೋಸ ಮಾಡಿತಂತಲ್ಲ, ಅದು ಹೇಗೆ ಬಯಲಾಯಿತು?

1979ರ ಏಪ್ರಿಲ್ ಆರಂಭದಲ್ಲಿ ಸ್ವೆರ್ದ್‌ಲೋವ್‌ಸ್ಕ್ ನಗರದಲ್ಲಿ, ಅಂದರೆ ಇಂದಿನ ಯೆಕತೆರಿನ್‌ಬುರ್ಗ್‌ನಲ್ಲಿ, ಆಂಥ್ರಾಕ್ಸ್ ಕಾಣಿಸಿಕೊಂಡು ಕನಿಷ್ಠ 66 ಮಂದಿ ಸತ್ತರು. ರೋಗ ಬಂದ ದನಗಳ ಮಾಂಸ ಕಳ್ಳಮಾರುಕಟ್ಟೆಯಲ್ಲಿ ಮಾರಾಟವಾದದ್ದೇ ಕಾರಣವೆಂದು ಸೋವಿಯತ್ ಸರ್ಕಾರ ಹೇಳಿತು. ಸೈನಿಕ ಪ್ರಯೋಗಾಲಯದಿಂದ ಸೋರಿಕೆಯಾಗಿದೆ ಎಂದು ಅಮೆರಿಕ ಆರೋಪಿಸಿತು. ಹಾರ್ವರ್ಡಿನ ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್, ನಿಕ್ಸನ್ ನಿರ್ಧಾರದ ಹಿಂದೆಯೂ ಇದ್ದವರು, 1980ರ ದಶಕದಲ್ಲಿ ಮಾಂಸದ ವಿವರಣೆ ನಂಬಲರ್ಹವೆಂದೇ ಭಾವಿಸಿದ್ದರು. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1992ರಲ್ಲಿ, ಅವರೇ ತಂಡ ಕಟ್ಟಿಕೊಂಡು ಆ ನಗರಕ್ಕೆ ಹೋದರು. ಸರ್ಕಾರಿ ದಾಖಲೆಗಳು ಮಾಯವಾಗಿದ್ದವು. ಆದರೆ ಸ್ಥಳೀಯ ರೋಗಶಾಸ್ತ್ರಜ್ಞರು ಶವಪರೀಕ್ಷೆಯ ಅಂಗಾಂಶಗಳನ್ನು ಬಚ್ಚಿಟ್ಟು ಕಾಪಾಡಿದ್ದರು, ಮತ್ತು ಅವು ರೋಗ ಉಸಿರಿನ ಮೂಲಕ ಬಂದಿತ್ತೆಂದು ತೋರಿಸುತ್ತಿದ್ದವು. ತಂಡದವರು ಸತ್ತವರ ಮನೆಮನೆಗೂ ಹೋಗಿ, ಏಪ್ರಿಲ್ 2ರ ಹಗಲು ಅವರು ಎಲ್ಲಿದ್ದರೆಂದು ಕೇಳಿ, ನಕ್ಷೆಯ ಮೇಲೆ ಗುರುತಿಸಿದರು. ಸೈನಿಕ ನೆಲೆಯಿಂದ ಹೊರಟು ನಗರದ ದಕ್ಷಿಣ ಅಂಚಿನವರೆಗೆ ಸುಮಾರು 4 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿಯೊಂದು ಮೂಡಿತು. ಅದೇ ರೇಖೆಯನ್ನು ಮುಂದುವರಿಸಿದರೆ ಸುಮಾರು 50 ಕಿಲೋಮೀಟರ್ ದೂರದವರೆಗಿನ ಹಳ್ಳಿಗಳಲ್ಲಿ ಕುರಿ ದನಗಳು ಸತ್ತಿದ್ದವು. ಹವಾಮಾನ ಕೇಂದ್ರದ ದಾಖಲೆಯಂತೆ ಆ ದಿನದ ಗಾಳಿ ಬೀಸಿದ್ದೂ ಅದೇ ದಿಕ್ಕಿಗೆ. 1994ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅದಕ್ಕೂ ಮೊದಲು, 1992ರಲ್ಲೇ, ಅಧ್ಯಕ್ಷ ಯೆಲ್ತ್ಸಿನ್ ಸೈನ್ಯವೇ ಕಾರಣವೆಂದು ಒಪ್ಪಿಕೊಂಡಿದ್ದರು.

ಸೋರಿಕೆಯಾದದ್ದು ಆ ಕಾರ್ಯಕ್ರಮದ ಒಂದು ಮೂಲೆ ಮಾತ್ರ. ಒಪ್ಪಂದದ ಮೂಲ ದಾಖಲೆಗಳ ಹೊಣೆ ಹೊತ್ತ ಮೂರು ದೇಶಗಳಲ್ಲಿ ಒಂದಾಗಿದ್ದ ಸೋವಿಯತ್ ಒಕ್ಕೂಟವೇ, ಔಷಧ ಸಂಸ್ಥೆಯ ವೇಷದಲ್ಲಿ ಬಯೋಪ್ರೆಪರಾತ್ ಎಂಬ ವಿಶಾಲ ಜಾಲವನ್ನು ನಡೆಸುತ್ತಿತ್ತೆಂಬುದು 1989ರಲ್ಲಿ ಬ್ರಿಟನ್ನಿಗೆ ಪಲಾಯನ ಮಾಡಿದ ವ್ಲಾದಿಮಿರ್ ಪಸೆಚ್ನಿಕ್ ಮತ್ತು 1992ರಲ್ಲಿ ಅಮೆರಿಕಕ್ಕೆ ಹೋದ ಕೆನ್ ಅಲಿಬೆಕ್ ಅವರಿಂದ ಹೊರಜಗತ್ತಿಗೆ ತಿಳಿಯಿತು.

## ನಮ್ಮ ಸುತ್ತಮುತ್ತ

ಮುಂಬಯಿಯಿಂದ ಪ್ಲೇಗ್ ರೋಗಾಣು ತರಿಸಿ ಕೊಲೆ ಮಾಡಿದ ಪ್ರಕರಣ ನಡೆದಿತ್ತೆಂದು ಕೇಳಿದ್ದೇವೆ. ಹೌದೇ?

ಹೌದು, ಪಾಕುರ್ ಕೊಲೆ ಪ್ರಕರಣ. 1933ರ ನವೆಂಬರ್ 26ರಂದು ಹೌರಾ ರೈಲು ನಿಲ್ದಾಣದ ಜನಸಂದಣಿಯಲ್ಲಿ ಪಾಕುರ್ ಜಮೀನುದಾರ ಮನೆತನದ ಯುವಕ ಅಮರೇಂದ್ರ ಪಾಂಡೆಯ ತೋಳಿಗೆ ಯಾರೋ ಏನನ್ನೋ ಚುಚ್ಚಿ ಮರೆಯಾದರು. ಡಿಸೆಂಬರ್ 4ರಂದು ಆತ ತೀರಿಕೊಂಡ. ರಕ್ತದಲ್ಲಿ ಪ್ಲೇಗ್ ಬ್ಯಾಕ್ಟೀರಿಯ ಸಿಕ್ಕಿತು. ಕಲ್ಕತ್ತೆಯಲ್ಲಿ ಆಗ ಪ್ಲೇಗ್ ಇರಲೇ ಇಲ್ಲ. ಸಂಶಯ ಮೂಡಲು ಅದೇ ಮುಖ್ಯ ಕಾರಣವಾಯಿತು. ಆಸ್ತಿಗಾಗಿ ಮಲಸೋದರನು ವೈದ್ಯನೊಬ್ಬನೊಡನೆ ಸೇರಿ ಸಂಚು ಹೂಡಿದ್ದು ವಿಚಾರಣೆಯಲ್ಲಿ ಸಾಬೀತಾಯಿತು. ಆ ವೈದ್ಯ ಸಂಶೋಧನೆಯ ನೆಪ ಹೇಳಿ ಮೊದಲು ಹಾಫ್‌ಕಿನ್ ಸಂಸ್ಥೆಯಿಂದ ಪ್ಲೇಗ್ ರೋಗಾಣು ಪಡೆಯಲು ನೋಡಿದ್ದ. ಮೇಲಧಿಕಾರಿಗಳ ಅನುಮತಿಯಿಲ್ಲದೆ ಕೊಡಲಾಗದೆಂಬ ಉತ್ತರ ಬಂತು. ಬಳಿಕ ಮುಂಬಯಿಯ ಆರ್ಥರ್ ರೋಡ್ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಶಿಫಾರಸಿನ ಬಲದಿಂದ ಕೆಲಸ ಮಾಡುವ ಅವಕಾಶ ಗಿಟ್ಟಿಸಿಕೊಂಡ. ಇಬ್ಬರಿಗೂ ಮರಣದಂಡನೆಯಾಯಿತು, ಮೇಲ್ಮನವಿಯಲ್ಲಿ ಅದು ಜೀವಾವಧಿ ಗಡೀಪಾರಿಗೆ ಇಳಿಯಿತು. ರೋಗಾಣುಗಳನ್ನು ಯಾರಿಗೆ ಕೊಡಬೇಕು, ಯಾರು ಸಹಿ ಹಾಕಬೇಕು ಎಂಬ ಇಂದಿನ ನಿಯಮಗಳನ್ನು ಅನಗತ್ಯ ಕಿರಿಕಿರಿ ಎನ್ನುವ ಯುವ ಸಂಶೋಧಕರಿಗೆ ನಾನು ಈ ಪ್ರಕರಣವನ್ನೇ ಹೇಳುವುದು.

ಕೊರೆಗಾಂವ್ ಪಾರ್ಕಿನ ಆಶ್ರಮದವರು ಅಮೆರಿಕದಲ್ಲಿ ಜೈವಿಕ ದಾಳಿ ಮಾಡಿದ್ದರು ಎನ್ನುವುದು ಎಷ್ಟು ನಿಜ?

ದಾಳಿ ನಡೆದದ್ದು ನಿಜ. ಅದನ್ನು ನಡೆಸಿದವರು ಪುಣೆಯಲ್ಲಿದ್ದವರಲ್ಲ. 1974ರಲ್ಲಿ ಪುಣೆಯಲ್ಲಿ ನೆಲೆಯೂರಿದ ರಜನೀಶರು 1981ರಲ್ಲಿ ಅಮೆರಿಕಕ್ಕೆ ಹೋದರು, ಅವರ ಅನುಯಾಯಿಗಳು ಒರೆಗಾನ್ ರಾಜ್ಯದಲ್ಲಿ ಊರನ್ನೇ ಕಟ್ಟಿದರು. ಭೂಬಳಕೆಯ ವಿಷಯದಲ್ಲಿ ಸ್ಥಳೀಯರೊಂದಿಗೆ ಜಗಳ ಬಲಿತು, ಕೌಂಟಿ ಚುನಾವಣೆಯ ಹೊತ್ತಿಗೆ ಎದುರಾಳಿ ಮತದಾರರನ್ನು ಹಾಸಿಗೆ ಹಿಡಿಸುವ ಯೋಜನೆಯನ್ನು ಆಡಳಿತ ನೋಡಿಕೊಳ್ಳುತ್ತಿದ್ದ ಮಾ ಆನಂದ್ ಶೀಲಾ ಮತ್ತು ಅವರ ಆಪ್ತರು ರೂಪಿಸಿದರು. 1984ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ದಿ ಡಾಲ್ಸ್ ಪಟ್ಟಣದ ಉಪಾಹಾರ ಗೃಹಗಳಲ್ಲಿ ತಿಂದ 751 ಮಂದಿಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯದ ಸೋಂಕು ತಗುಲಿತು. ಯಾರೂ ಸಾಯಲಿಲ್ಲ. ಆರೋಗ್ಯ ಇಲಾಖೆ ಮೊದಲಿಗೆ ಅಡುಗೆಯವರ ಕೈ ಶುಚಿಯಿಲ್ಲದ್ದೇ ಕಾರಣವೆಂದು ಬರೆಯಿತು. ಒಂದು ವರ್ಷದ ನಂತರ ರಜನೀಶರೇ ಶೀಲಾ ಮೇಲೆ ಬಹಿರಂಗವಾಗಿ ಆರೋಪ ಹೊರಿಸಿ, ಪೊಲೀಸರು ಅಲ್ಲಿನ ಪ್ರಯೋಗಾಲಯವನ್ನು ಶೋಧಿಸಿದಾಗ ಅದೇ ತಳಿಯ ಬ್ಯಾಕ್ಟೀರಿಯ ಸಿಕ್ಕಿತು. ಶೀಲಾ ಜೈಲಿಗೆ ಹೋದರು. ರಜನೀಶರ ಮೇಲೆ ಈ ದಾಳಿಯ ಆರೋಪ ದಾಖಲಾಗಲಿಲ್ಲ. ವಲಸೆ ಕಾನೂನಿನ ಉಲ್ಲಂಘನೆಗಾಗಿ ಅಮೆರಿಕ ಬಿಡಬೇಕಾಗಿ ಬಂದು, 1987ರಲ್ಲಿ ಅವರು ಪುಣೆಗೆ ಮರಳಿದರು.

ಮಂಗನ ಕಾಯಿಲೆ ಅಮೆರಿಕದವರ ಪ್ರಯೋಗದಿಂದ ಬಂತು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನಾವು ಸೊರಬದ ಕಡೆಯವರು, ಈಗ ಪುಣೆಯಲ್ಲಿದ್ದೇವೆ.

ಅಜ್ಜನವರ ಅನುಮಾನ ಆಧಾರರಹಿತವಾಗಿದ್ದರೂ ಅದು ಹುಟ್ಟಿದ್ದಕ್ಕೆ ಕಾರಣಗಳಿದ್ದವು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೆ ಜ್ವರ ಬಂದಾಗ ವೈರಾಣುವನ್ನು ಪತ್ತೆ ಮಾಡಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಕಟ್ಟಿದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಹೊಸ ವೈರಾಣು ರಷ್ಯಾದ ಒಂದು ಮಿದುಳುಜ್ವರದ ವೈರಾಣುವಿನ ಹತ್ತಿರದ ಬಂಧುವಾಗಿತ್ತು. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗುಗಳು ಅದನ್ನು ತಂದಿರಬಹುದೇ ಎಂಬ ಪ್ರಶ್ನೆ ಎದ್ದು, ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನ ಕೈಗೊಂಡಿತು. ಮೊದಲಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿದ್ದ ಆ ಕೆಲಸಕ್ಕೆ ಮುಂದೆ ಅಮೆರಿಕದ ಸೇನೆಯ ಸಂಶೋಧನಾ ಹಣ ಬಂತು. ಅದೇ ಕಾಲದಲ್ಲಿ ದೆಹಲಿಯಲ್ಲಿ ವಿದೇಶಿ ಹಣದಿಂದ ಸೊಳ್ಳೆಗಳ ತಳಿನಿಯಂತ್ರಣದ ಪ್ರಯೋಗವೊಂದು ನಡೆಯುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಪತ್ರಿಕೆಗಳು ಇವೆರಡನ್ನೂ ಜೈವಿಕ ಯುದ್ಧಕ್ಕೆ ಜೋಡಿಸಿ ಬರೆದವು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರ ವರದಿಯಲ್ಲಿ ಕಟುವಾಗಿ ಟೀಕಿಸಿತು. ಸೊಳ್ಳೆ ಯೋಜನೆ ಮುಚ್ಚಿತು. ಅಸ್ತ್ರ ತಯಾರಿಯ ಸಾಕ್ಷ್ಯ ಹೊರಬರಲಿಲ್ಲ. ಆದರೆ ವಿದೇಶಿ ಸೇನೆಯ ಹಣ ಪಡೆದು, ಮಾಹಿತಿ ಯಾರಿಗೆ ಹೋಗುತ್ತದೆಂದು ಜನರಿಗೆ ತಿಳಿಸದೆ ನಡೆದ ಸಂಶೋಧನೆಯನ್ನು ಸಮಿತಿ ಪ್ರಶ್ನಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಕಾಯಿಲೆಯ ಮಟ್ಟಿಗೆ ಹೇಳುವುದಾದರೆ ಅದು ನಮ್ಮ ಪಶ್ಚಿಮ ಘಟ್ಟದ್ದೇ. ಅದು ಉಣುಗಿನಿಂದ ಹರಡುತ್ತದೆ, 2015ರಿಂದ ಗೋವಾದ ಸತ್ತರಿ ತಾಲ್ಲೂಕಿನಲ್ಲೂ 2016ರಲ್ಲಿ ಸಿಂಧುದುರ್ಗದ ದೋಡಾಮಾರ್ಗದಲ್ಲೂ ಕಂಡುಬಂದಿದೆ.

1994ರಲ್ಲಿ ಸೂರತ್ತಿನಿಂದ ಮುಂಬಯಿಗೆ ಬಂದ ರೈಲುಗಳಲ್ಲಿ ಜನ ಮುಖ ಕಟ್ಟಿಕೊಂಡಿದ್ದು ನೆನಪಿದೆ. ಆ ಪ್ಲೇಗ್ ಹೊರಗಿನವರ ಕೈವಾಡವೇ?

ಹಾಗೆನ್ನಲು ದೃಢವಾದ ಸಾಕ್ಷ್ಯ ದೊರೆತಿಲ್ಲ. ಸೂರತ್ತಿಗೆ ಮುನ್ನವೇ, ಆಗಸ್ಟಿನಲ್ಲಿ, ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಹಳ್ಳಿಗಳಲ್ಲಿ ಗಡ್ಡೆಪ್ಲೇಗ್ ಕಾಣಿಸಿತ್ತು. ಹಿಂದಿನ ವರ್ಷದ ಕಿಲ್ಲಾರಿ ಭೂಕಂಪದ ನಂತರ ಹಾಳುಬಿದ್ದ ಮನೆಗಳಲ್ಲಿ ಕೂಡಿಟ್ಟ ಧಾನ್ಯದಿಂದ ಇಲಿಗಳು ಹೆಚ್ಚಿದ್ದವೆಂಬುದು ಒಂದು ವಿವರಣೆ. ಸೂರತ್ತಿನಲ್ಲಿ ಪ್ರವಾಹ ಮತ್ತು ಕೊಳೆ ಸೇರಿಕೊಂಡವು. ರೋಗನಿರ್ಣಯ ತಡವಾಗಿ, ಅಧಿಕಾರಿಗಳ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗದೆ ಹೋದಾಗ ವದಂತಿಗಳು ಎದ್ದವು.

ಪಾಷಾಣ್‌ನಲ್ಲಿರುವ ಅತಿಸುರಕ್ಷಿತ ಲ್ಯಾಬಿನಲ್ಲಿ ಭಾರತ ಗುಟ್ಟಾಗಿ ಅಸ್ತ್ರ ಮಾಡುತ್ತಿದೆಯೇ?

ಅದು ರಾಷ್ಟ್ರೀಯ ವೈರಾಣು ಸಂಸ್ಥೆಯೆಂಬ ನಾಗರಿಕ ಆರೋಗ್ಯ ಸಂಸ್ಥೆಯ ಪ್ರಯೋಗಾಲಯ. 2012ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ, ನಾಲ್ಕನೇ ಹಂತದ ಜೈವಿಕ ಸುರಕ್ಷತೆಯ ಈ ಪ್ರಯೋಗಾಲಯದಲ್ಲಿ ನಿಪಾ, ಕ್ರಿಮಿಯನ್ ಕಾಂಗೋ ಜ್ವರದಂಥ ರೋಗಗಳ ಮಾದರಿಗಳನ್ನು ಪರೀಕ್ಷಿಸುತ್ತಾರೆ. ಒಳಗಿನ ಗಾಳಿ ಹೊರಹೋಗದಂತೆ ಒತ್ತಡ ತಗ್ಗಿಸಿ, ಗಾಳಿಯನ್ನು ಶೋಧಿಸಿ ಬಿಡುವ ವ್ಯವಸ್ಥೆ ಇರುವುದು ಹೊರಗಿನ ನಮ್ಮ ರಕ್ಷಣೆಗಾಗಿ. ಇಂಥ ಪ್ರಯೋಗಾಲಯಗಳ ವಿವರವನ್ನು ಪ್ರತಿವರ್ಷ ಪರಸ್ಪರ ತಿಳಿಸಬೇಕೆಂದು ಒಪ್ಪಂದದ ಸದಸ್ಯ ದೇಶಗಳು 1986ರಿಂದ ಒಪ್ಪಿಕೊಂಡಿವೆ.

## ಒಪ್ಪಂದಗಳು ಮತ್ತು ಕಾನೂನು

1925ರಲ್ಲೇ ಜಿನೀವಾ ಶಿಷ್ಟಾಚಾರ ಇತ್ತಲ್ಲ, ಮತ್ತೆ 1972ರ ಒಪ್ಪಂದ ಏಕೆ ಬೇಕಾಯಿತು?

1925ರದು ಯುದ್ಧದಲ್ಲಿ ಬಳಸುವುದನ್ನು ಮಾತ್ರ ನಿಷೇಧಿಸಿತ್ತು. ತಯಾರಿಸಿ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಎದುರಾಳಿ ಮೊದಲು ಬಳಸಿದರೆ ತಾವೂ ಬಳಸುತ್ತೇವೆ ಎಂಬ ಷರತ್ತಿನೊಂದಿಗೆ ಅನೇಕ ದೇಶಗಳು ಒಪ್ಪಿದ್ದವು. ಸಹಿ ಹಾಕಿದ್ದ ಜಪಾನ್ ಅದನ್ನು ಸ್ಥಿರೀಕರಿಸಿದ್ದು 1970ರಲ್ಲಿ, ಅಮೆರಿಕ 1975ರಲ್ಲಿ. 1972ರ ಏಪ್ರಿಲ್ 10ರಂದು ಸಹಿಗೆ ತೆರೆದು, 1975ರ ಮಾರ್ಚ್ 26ರಂದು ಜಾರಿಗೆ ಬಂದ ಹೊಸ ಒಪ್ಪಂದವು ಸಾಮೂಹಿಕ ಸಂಹಾರದ ಒಂದಿಡೀ ಬಗೆಯ ಅಸ್ತ್ರವನ್ನೇ ಹೊಂದಿರಬಾರದೆಂದ ಮೊದಲ ಒಪ್ಪಂದ. ಭಾರತ 1973ರಲ್ಲಿ ಸಹಿ ಹಾಕಿ, 1974ರಲ್ಲಿ ಸ್ಥಿರೀಕರಿಸಿತು. ಇಂದು 185ಕ್ಕೂ ಹೆಚ್ಚು ದೇಶಗಳು ಸದಸ್ಯರಾಗಿವೆ. ಇಸ್ರೇಲ್ ಸಹಿ ಹಾಕಿಲ್ಲ. ಈಜಿಪ್ಟ್ ಸಹಿ ಹಾಕಿಯೂ ಸ್ಥಿರೀಕರಿಸಿಲ್ಲ.

ಒಪ್ಪಂದ ಪಾಲಿಸುತ್ತಿದ್ದಾರೋ ಇಲ್ಲವೋ ಎಂದು ಪರಿಶೀಲಿಸುವವರು ಯಾರು?

ಯಾರೂ ಇಲ್ಲ. ರಾಸಾಯನಿಕ ಅಸ್ತ್ರಗಳಿಗೆ ಹೇಗ್ ನಗರದಲ್ಲಿ ತನಿಖಾಧಿಕಾರಿಗಳಿರುವ ಒಂದು ಸಂಸ್ಥೆಯೇ ಇದೆ, ಮತ್ತು ಸದಸ್ಯ ದೇಶಗಳು ಘೋಷಿಸಿದ್ದ ದಾಸ್ತಾನೆಲ್ಲ 2023ರ ಹೊತ್ತಿಗೆ ಅದರ ಕಣ್ಣೆದುರು ನಾಶವಾಯಿತು. ಜೈವಿಕ ಅಸ್ತ್ರಗಳ ಒಪ್ಪಂದಕ್ಕೆ ಜಿನೀವಾದಲ್ಲಿ, 2006ರಲ್ಲಿ ರಚನೆಯಾದ, ಬೆರಳೆಣಿಕೆಯ ಸಿಬ್ಬಂದಿಯ ಒಂದು ನೆರವು ಘಟಕವಿದೆಯಷ್ಟೆ. ಪರಿಶೀಲನೆಯ ಕರಾರೊಂದನ್ನು ರೂಪಿಸಲು 1995ರಿಂದ ಆರು ವರ್ಷ ಮಾತುಕತೆ ನಡೆಯಿತು; 2001ರ ಜುಲೈನಲ್ಲಿ ಅಮೆರಿಕ ಅದನ್ನು ತಿರಸ್ಕರಿಸಿತು. ಮೋಸ ಮಾಡುವವರು ಸಿಕ್ಕಿಬೀಳುವುದಿಲ್ಲ, ಪ್ರಾಮಾಣಿಕ ಔಷಧ ಕಂಪನಿಗಳ ವ್ಯಾಪಾರದ ಗುಟ್ಟು ಮಾತ್ರ ಬಯಲಾಗುತ್ತದೆ ಎಂಬುದು ಅದರ ವಾದ.

ವಾದದ ಮೊದಲ ಭಾಗದಲ್ಲಿ ಸ್ವಲ್ಪ ಹುರುಳಿದೆ. ಇರಾಕಿನಲ್ಲಿ 1991ರಿಂದ ವಿಶ್ವಸಂಸ್ಥೆಯ ತನಿಖಾಧಿಕಾರಿಗಳಿಗೆ ಬೇಕಾದಲ್ಲಿ ನುಗ್ಗುವ ಅಧಿಕಾರವಿತ್ತು. ಆದರೂ ಅಲ್ ಹಕಮ್ ಎಂಬಲ್ಲಿದ್ದ ಕಾರ್ಖಾನೆ ಪಶು ಆಹಾರದ್ದೆಂದು ಇರಾಕ್ ಹೇಳುತ್ತಲೇ ಬಂತು, ಅಲ್ಲಿ ರೋಗಾಣು ಅಸ್ತ್ರಗಳ ಕಚ್ಚಾ ಸರಕು ತಯಾರಾಗುತ್ತಿತ್ತೆಂದು ಒಪ್ಪಿದ್ದು 1995ರಲ್ಲಿ. ಆದರೆ ಅದೇ ಉದಾಹರಣೆಯನ್ನು ಇನ್ನೊಂದು ಬದಿಯಿಂದಲೂ ನೋಡಬೇಕು: ಸೂಕ್ಷ್ಮಜೀವಿಗಳನ್ನು ಬೆಳೆಸಲು ಆಮದಾದ ಪೋಷಕವಸ್ತುವಿನ ಲೆಕ್ಕ ತಾಳೆಯಾಗದ್ದನ್ನು ಹಿಡಿದು ಒತ್ತಾಯಿಸಿದವರು ಅದೇ ತನಿಖಾಧಿಕಾರಿಗಳು. ಎಲ್ಲವನ್ನೂ ಕಾಣಲಾಗದೆಂದು ಏನನ್ನೂ ನೋಡದಿರುವುದು ನನಗೆ ಒಪ್ಪಿಗೆಯಾಗದ ತರ್ಕ. 2022ರ ಒಂಬತ್ತನೇ ಪರಿಶೀಲನಾ ಸಮ್ಮೇಳನ ಈ ವಿಷಯವನ್ನು ಮತ್ತೆ ಎತ್ತಿಕೊಳ್ಳಲು ಕಾರ್ಯಗುಂಪನ್ನು ರಚಿಸಿತು. ನಿರ್ಧಾರಗಳು ಸರ್ವಾನುಮತದಿಂದಲೇ ಆಗಬೇಕಾದ್ದರಿಂದ ಒಂದೇ ದೇಶ ಬೇಡವೆಂದರೂ ಕೆಲಸ ನಿಲ್ಲುತ್ತದೆ.

ಒಂದು ದೇಶದ ಮೇಲೆ ಇನ್ನೊಂದು ದೇಶ ದೂರು ಕೊಟ್ಟದ್ದುಂಟೇ? ಭಾರತ ಯಾರ ಕಡೆ ನಿಲ್ಲುತ್ತದೆ?

ಐದನೇ ವಿಧಿಯಂತೆ ಪರಸ್ಪರ ಸಮಾಲೋಚನೆ ಕೇಳಬಹುದು. ಆರನೇ ವಿಧಿಯಂತೆ ಭದ್ರತಾ ಮಂಡಳಿಗೆ ದೂರು ಒಯ್ಯಬಹುದು. ಆರನೇ ವಿಧಿಯನ್ನು ಮೊದಲ ಬಾರಿಗೆ ಬಳಸಿದ್ದು ರಷ್ಯಾ. ಉಕ್ರೇನಿನಲ್ಲಿ ಅಮೆರಿಕದ ನೆರವಿನ ಪ್ರಯೋಗಾಲಯಗಳು ಒಪ್ಪಂದ ಮುರಿಯುತ್ತಿವೆ, ತನಿಖೆಯಾಗಲಿ ಎಂದು ಅದು ಮಂಡಿಸಿದ ನಿರ್ಣಯಕ್ಕೆ 2022ರ ನವೆಂಬರ್ 2ರಂದು ರಷ್ಯಾ ಮತ್ತು ಚೀನಾ ಮಾತ್ರ ಪರ ಮತ ಹಾಕಿದವು. ಅಮೆರಿಕ, ಬ್ರಿಟನ್, ಫ್ರಾನ್ಸ್ ವಿರೋಧಿಸಿದವು. ಭಾರತ ಸೇರಿ 10 ದೇಶಗಳು ದೂರ ಉಳಿದವು. ಪರಿಶೀಲನೆಗೆ ಕಾನೂನುಬದ್ಧ ವ್ಯವಸ್ಥೆ ಬೇಕೆಂಬುದು ಭಾರತದ ದೀರ್ಘಕಾಲದ ನಿಲುವು.

ತಪ್ಪು ಆರೋಪಗಳೂ ಬಂದಿವೆ. 1981ರಲ್ಲಿ ಲಾವೋಸ್ ಮತ್ತು ಕಾಂಬೋಡಿಯಾದ ಕಾಡುಗಳಲ್ಲಿ ಹಳದಿ ಮಳೆಯ ರೂಪದಲ್ಲಿ ಶಿಲೀಂಧ್ರ ವಿಷ ಸುರಿಯಲಾಗುತ್ತಿದೆಯೆಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್ ಘೋಷಿಸಿದರು. ಎಲೆಗಳ ಮೇಲಿನ ಹಳದಿ ಚುಕ್ಕೆಗಳಲ್ಲಿ ಹೂವಿನ ಪರಾಗವೇ ತುಂಬಿತ್ತು. ಅವು ಜೇನ್ನೊಣಗಳ ಹಿಕ್ಕೆ ಎಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಆಪಾದಿತ ಬಳಕೆಯ ತನಿಖೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯವರ ಅಧೀನದಲ್ಲಿ 1987ರಲ್ಲಿ ರೂಪುಗೊಂಡ ವ್ಯವಸ್ಥೆಯೊಂದಿದೆ. 2013ರಲ್ಲಿ ಸಿರಿಯಾದಲ್ಲಿ ಸಾರಿನ್ ಎಂಬ ರಾಸಾಯನಿಕ ನರವಿಷದಿಂದ ನಡೆದ ದಾಳಿಯನ್ನು ತನಿಖೆ ಮಾಡಿದ ತಂಡ ಹೋದದ್ದು ಅದರ ಅಡಿಯಲ್ಲೇ.

ಮಗಳು ಹಿಂಜವಡಿಯ ಬಯೋಟೆಕ್ ಕಂಪನಿಯಲ್ಲಿದ್ದಾಳೆ. ರೋಗಾಣು ಮಾದರಿ ವಿದೇಶಕ್ಕೆ ಕಳಿಸಲು ಪರವಾನಗಿ ಬೇಕಂತೆ, ಯಾವ ಕಾನೂನು?

ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಸ್ಕೋಮೆಟ್ ಪಟ್ಟಿಯ, ಅಂದರೆ ರಫ್ತಿಗೆ ನಿಯಂತ್ರಣವಿರುವ ವಸ್ತು, ಉಪಕರಣ ಮತ್ತು ತಂತ್ರಜ್ಞಾನಗಳ ಪಟ್ಟಿಯ, ಎರಡನೇ ವರ್ಗದಲ್ಲಿ ಸೂಕ್ಷ್ಮಜೀವಿಗಳೂ ವಿಷಗಳೂ ಬರುತ್ತವೆ. ಅಂಥವನ್ನು ರಫ್ತು ಮಾಡಲು ಮೊದಲೇ ಪರವಾನಗಿ ಪಡೆಯಬೇಕು, ಮತ್ತು ರಫ್ತು ಮಾಡುವವರು ಅಂತಿಮ ಬಳಕೆದಾರ ಯಾರೆಂಬ ಪ್ರಮಾಣಪತ್ರ ಕೊಡಬೇಕು. ಕೆಲವು ಉಪಕರಣಗಳಿಗೂ ತಂತ್ರಜ್ಞಾನಕ್ಕೂ ಇಂಥದೇ ನಿಯಂತ್ರಣವಿದೆ, ಆದ್ದರಿಂದ ಪೆಟ್ಟಿಗೆಯಲ್ಲಿ ರೋಗಾಣು ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಭಯೋತ್ಪಾದಕರ ಕೈಗೆ ಇವು ಸಿಗದಂತೆ ಪ್ರತಿ ದೇಶವೂ ಕಾನೂನು ಮಾಡಬೇಕೆಂದು ಭದ್ರತಾ ಮಂಡಳಿ 2004ರ 1540ನೇ ನಿರ್ಣಯದಲ್ಲಿ ಹೇಳಿದ ಮೇಲೆ, ಭಾರತ 2005ರಲ್ಲಿ ಸಾಮೂಹಿಕ ಸಂಹಾರದ ಅಸ್ತ್ರಗಳ ಕುರಿತ ಕಾಯ್ದೆಯನ್ನು ತಂದಿತು. 2018ರ ಜನವರಿಯಲ್ಲಿ ರಫ್ತು ನಿಯಂತ್ರಣದ ಆಸ್ಟ್ರೇಲಿಯಾ ಗುಂಪಿಗೂ ಸೇರಿತು. ಆ ಗುಂಪಿನ ಪಟ್ಟಿಯಲ್ಲಿ ನಮ್ಮ ಕ್ಯಾಸನೂರು ಕಾಡಿನ ವೈರಾಣುವೂ ಇದೆ.

## ಇಂದಿನ ಅಪಾಯ

ಇಂಟರ್ನೆಟ್ ನೋಡಿ ಯಾವ ಉಗ್ರನಾದರೂ ಇದನ್ನು ಮಾಡಬಹುದೆನ್ನುತ್ತಾರಲ್ಲ?

ಚರಿತ್ರೆ ಹಾಗೆ ಹೇಳುವುದಿಲ್ಲ. ಜಪಾನಿನ ಓಮ್ ಶಿನ್ರಿಕ್ಯೋ ಪಂಥಕ್ಕೆ ಧಾರಾಳ ಹಣವಿತ್ತು, ಓದಿದ ವಿಜ್ಞಾನಿಗಳಿದ್ದರು. 1993ರಲ್ಲಿ ಟೋಕಿಯೋದ ಕಮೆಯಿಡೊದಲ್ಲಿ ಅವರು ಹರಡಿದ ಆಂಥ್ರಾಕ್ಸಿನಿಂದ ಜನರಿಗೆ ದುರ್ವಾಸನೆ ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ. ಅವರು ರಾಸಾಯನಿಕದ ಕಡೆ ಹೊರಳಿ, 1995ರಲ್ಲಿ ಮೆಟ್ರೋ ರೈಲಿನಲ್ಲಿ ಸಾರಿನ್ ಬಿಟ್ಟರು. 2001ರಲ್ಲಿ ಅಮೆರಿಕದ ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಕಳಿಸಿ ಐವರನ್ನು ಕೊಂದು 17 ಮಂದಿಯನ್ನು ಕಾಯಿಲೆಗೆ ಕೆಡವಿದ ಪ್ರಕರಣದಲ್ಲಿ ಮೊದಲು ಅಲ್ ಖೈದಾ, ಇರಾಕ್‌ಗಳ ಹೆಸರು ಕೇಳಿಬಂದವು. ಬಳಸಿದ ತಳಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಇದ್ದದ್ದೇ ಆಗಿತ್ತು. ಸೇನೆಯ ಪ್ರಯೋಗಾಲಯದ ವಿಜ್ಞಾನಿ ಬ್ರೂಸ್ ಐವಿನ್ಸ್ ಒಬ್ಬರೇ ಕಾರಣರೆಂದು ತನಿಖಾ ಸಂಸ್ಥೆ 2010ರಲ್ಲಿ ಕಡತ ಮುಚ್ಚಿತು. ಅವರು 2008ರಲ್ಲೇ ಆತ್ಮಹತ್ಯೆ ಮಾಡಿಕೊಂಡಿದ್ದರಿಂದ ಆರೋಪ ನ್ಯಾಯಾಲಯದ ಪರೀಕ್ಷೆಗೆ ಒಳಗಾಗಲಿಲ್ಲ, ಮತ್ತು ವೈಜ್ಞಾನಿಕ ಸಾಕ್ಷ್ಯವೊಂದರಿಂದಲೇ ಆ ತೀರ್ಮಾನಕ್ಕೆ ಬರಲಾಗದೆಂದು ಅಲ್ಲಿನ ವಿಜ್ಞಾನ ಅಕಾಡೆಮಿಯ ಸಮಿತಿ 2011ರಲ್ಲಿ ಹೇಳಿತು. ಹಾಗಾಗಿ ಹೊರಗಿನ ಹವ್ಯಾಸಿಗಿಂತ, ಅನುಮತಿಯಿರುವ ಒಳಗಿನವನ ಬಗ್ಗೆಯೇ ನನಗೆ ಹೆಚ್ಚಿನ ಚಿಂತೆ.

ಕೋವಿಡ್ ಜೈವಿಕ ಅಸ್ತ್ರವಾಗಿತ್ತೇ?

ಎರಡು ಪ್ರಶ್ನೆಗಳನ್ನು ಜನ ಬೆರೆಸುತ್ತಾರೆ. ವೈರಾಣು ಪ್ರಾಣಿಯಿಂದ ನೇರವಾಗಿ ಬಂತೋ, ಸಂಶೋಧನೆಯ ನಡುವಿನ ಅವಘಡದಿಂದ ಬಂತೋ ಎಂಬ ವಿವಾದ ಬಗೆಹರಿದಿಲ್ಲ. ಚೀನಾ ಆರಂಭಿಕ ಮಾಹಿತಿಯನ್ನೆಲ್ಲ ಹಂಚಿಕೊಂಡಿಲ್ಲವೆಂಬ ದೂರು ವಿಶ್ವ ಆರೋಗ್ಯ ಸಂಸ್ಥೆಯದೂ ಹೌದು. ಅದನ್ನು ಅಸ್ತ್ರವಾಗಿ ರೂಪಿಸಲಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಹಾಗಾಗಿರಲಿಲ್ಲವೆಂದು ಚೀನಾದ ಬಗ್ಗೆ ಯಾವ ಮೃದುತ್ವವೂ ಇಲ್ಲದ ಅಮೆರಿಕದ ಗುಪ್ತಚರ ಸಂಸ್ಥೆಗಳೇ 2021ರಲ್ಲಿ ತೀರ್ಮಾನಿಸಿದವು.

ಕಂಪನಿಗಳಿಂದ ಡಿಎನ್‌ಎ ತುಣುಕು ತರಿಸಿ ವೈರಾಣುವನ್ನೇ ಕಟ್ಟಬಹುದಂತೆ. ಆಗ ಒಪ್ಪಂದದ ಗತಿಯೇನು?

2002ರಲ್ಲಿ ಅಮೆರಿಕದ ಎಕಾರ್ಡ್ ವಿಮ್ಮರ್ ಅವರ ತಂಡ ಪೋಲಿಯೋ ವೈರಾಣುವನ್ನು ಅದರ ತಳಿಸಂಕೇತದ ಮಾಹಿತಿಯಿಂದಲೇ ಕಟ್ಟಿ ತೋರಿಸಿದಾಗ ಈ ಚರ್ಚೆ ಗಂಭೀರವಾಯಿತು. ಸಿಡುಬು ಭೂಮಿಯಿಂದ ನಿರ್ಮೂಲವಾಗಿದೆಯೆಂದು 1980ರಲ್ಲಿ ಘೋಷಿಸಲಾಯಿತು. ಅದರ ವೈರಾಣು ಅಟ್ಲಾಂಟಾ ಮತ್ತು ಸೈಬೀರಿಯಾದ ಕೋಲ್ತ್ಸೊವೊದ ಎರಡು ಪ್ರಯೋಗಾಲಯಗಳಲ್ಲಿ ಮಾತ್ರ ಅಧಿಕೃತವಾಗಿ ಉಳಿದಿದೆ. ಬೀಗ ಹಾಕಿದ ಪೆಟ್ಟಿಗೆಯನ್ನು ಕಾಯುವುದರಿಂದ ಮಾಹಿತಿಯನ್ನು ಕಾಯಲಾಗದು ಎಂಬುದು ಇಂದಿನ ತೊಡಕು. ಕಾನೂನಿನ ಭಾಷೆಗೆ ಇದರಿಂದ ಧಕ್ಕೆಯಿಲ್ಲ, ಏಕೆಂದರೆ ಮೂಲ ಅಥವಾ ತಯಾರಿಕೆಯ ವಿಧಾನ ಯಾವುದೇ ಇರಲಿ ನಿಷೇಧ ಅನ್ವಯಿಸುತ್ತದೆಂದು ಒಪ್ಪಂದದಲ್ಲೇ ಇದೆ. ಕೊರತೆಯಿರುವುದು ಆಚರಣೆಯಲ್ಲಿ. ಡಿಎನ್‌ಎ ತಯಾರಿಸಿ ಮಾರುವ ಅನೇಕ ಕಂಪನಿಗಳು ಬಂದ ಬೇಡಿಕೆಯನ್ನು ಅಪಾಯಕಾರಿ ರೋಗಾಣುಗಳ ಸಂಕೇತದೊಡನೆ ಹೋಲಿಸಿ, ಗ್ರಾಹಕರ ಹಿನ್ನೆಲೆ ವಿಚಾರಿಸುತ್ತವೆ. ಬಹುಮಟ್ಟಿಗೆ ಇದು ಕಂಪನಿಗಳೇ ಸ್ವಇಚ್ಛೆಯಿಂದ ಮಾಡುವ ಕೆಲಸ. ಇದನ್ನು ಕಡ್ಡಾಯಗೊಳಿಸುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಸರ್ಕಾರಗಳು ಇದನ್ನು ಮೊದಲು ಮಾಡಬೇಕಿತ್ತು.

ಪುಣೆಯಲ್ಲಿ ಇಂಥ ದಾಳಿಯಾದರೆ ಮೊದಲು ತಿಳಿಯುವುದು ಯಾರಿಗೆ? ನಾವು ಏನು ಮಾಡಬೇಕು?

ಬಾಂಬಿನಂತೆ ಸದ್ದಾಗದೆ, ದಿನಗಳ ನಂತರ ರೋಗಿಗಳು ಬರುವ ಕಾರಣ ಮೊದಲು ತಿಳಿಯಬೇಕಾದವರು ಬಡಾವಣೆಯ ವೈದ್ಯರು. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗ್ ಬಂದಿದೆಯೆಂದು ಮೊದಲು ಗುರುತಿಸಿದವರು ಗೋವಾ ಮೂಲದ ಡಾ. ಅಕಾಸಿಯೊ ವಿಯೆಗಾಸ್, ತಮ್ಮಲ್ಲಿಗೆ ಬಂದ ರೋಗಿಗಳನ್ನು ನೋಡಿಯೇ. ಮುಂದಿನ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಸೈನಿಕರನ್ನು ಮನೆಯೊಳಗೆ ನುಗ್ಗಿಸಿದ್ದರಿಂದ ಜನ ರೋಗಿಗಳನ್ನು ಬಚ್ಚಿಡತೊಡಗಿದ್ದನ್ನೂ, ಚಾಪೇಕರ್ ಸಹೋದರರು ಆತನನ್ನು ಕೊಂದದ್ದನ್ನೂ ಇಲ್ಲಿನವರು ಮರೆತಿಲ್ಲ.

ಈಗ ತಾಲ್ಲೂಕು ಆಸ್ಪತ್ರೆಗಳಿಂದ ಹಿಡಿದು ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮದ ಮೂಲಕ ಅಸಹಜ ಪ್ರಕರಣಗಳ ವರದಿ ಹೋಗುತ್ತದೆ. ಮಾದರಿಗಳು ವೈರಾಣು ಸಂಸ್ಥೆಗೆ ತಲುಪುತ್ತವೆ. ಶಂಕಿತ ಸ್ಥಳವನ್ನು ನಿಭಾಯಿಸುವ ತರಬೇತಿ ಪಡೆದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 5ನೇ ಬೆಟಾಲಿಯನ್ ತಳೇಗಾಂವ್ ಬಳಿಯೇ ಇದೆ. 2001ರ ಕೊನೆಯಲ್ಲಿ ಬಿಳಿ ಪುಡಿಯ ಲಕೋಟೆಗಳ ಗಾಬರಿ ಮುಂಬಯಿಗೂ ತಟ್ಟಿತ್ತು. ಅಂಥ ಲಕೋಟೆ ಕೈಗೆ ಬಂದರೆ ಅಲುಗಾಡಿಸದೆ, ಮೂಸದೆ ಕೆಳಗಿಟ್ಟು, ಪಂಖ ಮತ್ತು ಎಸಿ ಆರಿಸಿ, ಕೋಣೆಯ ಬಾಗಿಲು ಮುಚ್ಚಿ ಹೊರಬಂದು, ಸೋಪಿನಿಂದ ಕೈ ತೊಳೆದು 112ಕ್ಕೆ ಕರೆ ಮಾಡಬೇಕು. ಕೋಣೆಯಲ್ಲಿದ್ದವರ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು. ವೈದ್ಯರು ಹೇಳುವ ಮುನ್ನ ಔಷಧದ ಅಂಗಡಿಗೆ ಓಡಿ ಆಂಟಿಬಯೋಟಿಕ್ ನುಂಗಬಾರದು.